ಮುಂದಿನ ಕಾರು ಎಷ್ಟು ಸೆಕೆಂಡ್ ದೂರ?

ಮಾನ್ಯರೇ,

ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದೇ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮುಂದಿನ ವಾಹನದ ಬ್ರೇಕ್ ದೀಪ ಕಂಡು ನಮ್ಮ ಕಾಲು ಬ್ರೇಕ್ ಮೇಲೆ ಬೀಳುವಷ್ಟರಲ್ಲಿ ಹೆಚ್ಚುಕಡಿಮೆ ಅಷ್ಟು ದೂರ ಕಳೆದಿರುತ್ತದೆ. ಮುಂದಿನ ವಾಹನದಿಂದ ಕನಿಷ್ಠ ಬಿಡಬೇಕೆನ್ನುವ ಎರಡು ಸೆಕೆಂಡ್ ಅಂತರವೆಂದರೆ ಈ ವೇಗದಲ್ಲಿ ಸುಮಾರು 56 ಮೀಟರ್. ನಾನಂತೂ ಅದರ ಅರ್ಧವನ್ನೂ ಬಿಡುತ್ತಿರಲಿಲ್ಲ.

ಇದು ಗೊತ್ತಾಗಿದ್ದು ಕಾರಿನ ಪರದೆಯಿಂದ. ಮುಂಭಾಗದ ರೇಡಾರ್ ಅಳೆದ ದೂರವನ್ನು ನಮ್ಮ ವೇಗದಿಂದ ಭಾಗಿಸಿ, ಅಂತರವನ್ನು ಸೆಕೆಂಡಿನಲ್ಲಿ ತೋರಿಸುತ್ತದೆ. ಮೊದಲ ದಿನ 0.8 ಎಂದು ಕೆಂಪಾಗಿ ಹೊಳೆದಾಗ ಉಪಕರಣವೇ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿದ್ದು ನನ್ನ ಅಂದಾಜು.

ಕೊನೇ ಕ್ಷಣದಲ್ಲಿ ಕಿರುಚುವ ಅಲಾರ್ಮ್‌ಗಿಂತ ಈ ಸದ್ದಿಲ್ಲದ ಅಂಕಿ ಎಷ್ಟೋ ಮೇಲು. ಸದಾ ಬೀಪ್ ಎನ್ನುವ ಯಂತ್ರವನ್ನು ಜನ ಆಫ್ ಮಾಡಿಬಿಡುತ್ತಾರೆ (ನಾನೂ ಮಾಡಿದ್ದೇನೆ). ಜಾಗ ಬಿಟ್ಟರೆ ಯಾರೋ ನುಗ್ಗುತ್ತಾರೆ ಎಂಬ ದೂರು ನಿಜವೇ. ನುಗ್ಗಲಿ ಬಿಡಿ, ಆಕ್ಸಿಲರೇಟರ್‌ನಿಂದ ಕಾಲು ತುಸು ತೆಗೆದರೆ ಅಂತರ ಮತ್ತೆ ಸಿಗುತ್ತದೆ, ತಲುಪುವುದು ಒಂದೆರಡು ಸೆಕೆಂಡ್ ತಡ ಅಷ್ಟೇ.

ಮಳೆಯಲ್ಲಿ ಎರಡು ಸೆಕೆಂಡ್ ಸಾಲದು ಎಂಬುದನ್ನೂ ಪರದೆ ಹೇಳಬೇಕಿತ್ತು. ನನ್ನ ಕಾರಿನದು ಹೇಳುವುದಿಲ್ಲ. ತಯಾರಕರು ಅದನ್ನೂ ಸೇರಿಸಲಿ, ದುಬಾರಿ ಮಾದರಿಗಳಿಗಷ್ಟೇ ಮೀಸಲಿಡದೆ ಎಲ್ಲ ಕಾರುಗಳಿಗೂ ಕೊಡಲಿ.

– ಒಬ್ಬ ಚಾಲಕ