ಹಡಗು ಬಿಟ್ಟು ಹೋದರೆ ಎಂದು ಕೇಳಿದ್ದೀಯಲ್ಲ

ನವನಗರ, ಬಾಗಲಕೋಟೆ

ಚಿ. ಸೌ. ಶಶಿಕಲಾಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಮುಂಬೈಯಿಂದ ಹಡಗು ಹತ್ತುವ ಸುದ್ದಿ, ನಿನ್ನ ಅವ್ವ, ಅಂದರೆ ನನ್ನ ವೈನಿಯ ಮೊಣಕಾಲು ನೋವು, ಅಳಿಯಂದಿರಿಗೆ ರಜೆ ಸಿಗದಿರುವುದು, ಇವೆಲ್ಲ ಮನೆಯಲ್ಲಿ ಮಾತಾಡಿ ಮುಗಿದ ಸಂಗತಿಗಳು, ಮತ್ತೆ ಬರೆಯುವುದಿಲ್ಲ. ಕೊನೆಯ ಪುಟದಲ್ಲಿ ಒಂದು ಸಾಲು ಬರೆದು, ಅದರ ಮೇಲೆ ಗೆರೆ ಎಳೆದು, ಕೆಳಗೆ ಮತ್ತೆ ಅದನ್ನೇ ಬರೆದಿದ್ದೀಯ: ‘ಕೊಚ್ಚಿಯಲ್ಲಿ ಇಳಿದು ಊರು ನೋಡಲು ಹೋದಾಗ ಹಡಗು ನಮ್ಮನ್ನು ಬಿಟ್ಟು ಹೋದರೆ, ಅವ್ವನನ್ನು ಕರೆದುಕೊಂಡು ನಾನೊಬ್ಬಳು ಏನು ಮಾಡಲಿ? ಅದಕ್ಕಿಂತ ಹಡಗಿನಲ್ಲೇ ಕುಳಿತಿರುವುದು ಲೇಸು.’ ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಏನಾಯಿತು ಎಂದು ಕಾಕು ಎದ್ದು ಕೇಳಿದಳು. ಏನಿಲ್ಲ ಎಂದೆ. ಫೋನಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ ಕಾಕಾ, ಹೂಂ ಕಾಕಾ’ ಎನ್ನುತ್ತೀಯ, ಅಂಜಿಕೆ ಮಾತ್ರ ಹಾಗೆಯೇ ಉಳಿಯುತ್ತದೆ.

ಬಿಟ್ಟು ಹೋಗುವ ಗಾಡಿಯ ವಿಷಯವನ್ನು ನನ್ನಷ್ಟು ಹತ್ತಿರದಿಂದ ಕಂಡವರು ನಮ್ಮ ಮನೆತನದಲ್ಲಿ ಇಲ್ಲ. ಮೊದಲು ಕಂಡಕ್ಟರ್ ಆಗಿ, ಆಮೇಲೆ ಬಾದಾಮಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, ಗಾಡಿ ಬಿಡುವುದೇ ನನ್ನ ಕೆಲಸವಾಗಿತ್ತು. ಆ ಕಿಟಕಿಯಲ್ಲಿ ಕುಳಿತು ನಾನು ಕಂಡುಕೊಂಡದ್ದು ಒಂದಿದೆ. ಬಸ್ ತಪ್ಪಿಸಿಕೊಂಡವರು ದೂರ ಹೋದವರಾಗಿರುತ್ತಿರಲಿಲ್ಲ. ಮೇಣಬಸದಿಯ ಗುಹೆಗಳವರೆಗೆ ಹತ್ತಿ, ಅಗಸ್ತ್ಯ ತೀರ್ಥದ ಆಚೆಯ ಭೂತನಾಥ ಗುಡಿ ಸುತ್ತಿ ಬಂದವರು ಬಸ್ಸಿಗೆ ಮುಂಚೆಯೇ ಬಂದು ನಿಲ್ಲುತ್ತಿದ್ದರು. ತಪ್ಪಿಸಿಕೊಳ್ಳುತ್ತಿದ್ದವರು ನಿಲ್ದಾಣದೊಳಗೇ ಇದ್ದವರು. ‘ಇನ್ನೂ ಹೊತ್ತಿದೆ’ ಎಂದು ಕೊನೆಯ ಗಳಿಗೆಯಲ್ಲಿ ಚಹಾಕ್ಕೆ ಹೋದವರು. ಗುಳೇದಗುಡ್ಡದ ಬಸ್ ಹೋದ ಮೇಲೆ ಬಾಳೆಹಣ್ಣಿನ ಚೀಲ ಹಿಡಿದು ಓಡಿ ಬಂದ ಒಬ್ಬ ಹೆಣ್ಣುಮಗಳ ಮುಖ ಇನ್ನೂ ಕಣ್ಣ ಮುಂದಿದೆ. ಅತ್ತೆಯೂ ಕೂಸೂ ಬಸ್ಸಿನಲ್ಲಿದ್ದರು. ಹಣ್ಣಿನ ಗಾಡಿ ನಿಂತಿದ್ದು ಆ ಬಸ್ಸಿನ ಬೆನ್ನಿಗೇ. ಅವಳನ್ನು ಮುಂದಿನ ಬಸ್ಸಿಗೆ ಹತ್ತಿಸಿ, ಗುಳೇದಗುಡ್ಡಕ್ಕೆ ಫೋನ್ ಮಾಡಿದೆ. ಅತ್ತೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಅಲ್ಲಿ ಕಾಯುತ್ತ ಕುಳಿತಿದ್ದಳಂತೆ. ಅಷ್ಟೇ ಆದದ್ದು. ಆದರೂ ಆ ಹೆಣ್ಣುಮಗಳು ನನ್ನ ಕಿಟಕಿಯ ಮುಂದೆ ನಿಂತು ಅತ್ತದ್ದನ್ನು ನೆನೆದಾಗ ನಿನ್ನ ಸಾಲು ನನಗೆ ಅರ್ಥವಾಗುತ್ತದೆ. ಅದನ್ನು ಹುಚ್ಚು ಅಂಜಿಕೆ ಎಂದು ನಾನು ತಳ್ಳಿಹಾಕುವುದಿಲ್ಲ.

ಪಕ್ಕದ ಮನೆಯ ಹುಡುಗ ಇಂಥದ್ದೇ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಂದಿದ್ದಾನೆ. ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿದೆ. ಹಡಗು ಏಕೆ ಕಾಯುವುದಿಲ್ಲ? ಬಂದರಿನಿಂದ ಹಡಗನ್ನು ಹೊರಗೆ ದಾಟಿಸಲು ದಾರಿ ತೋರುವ ಬಂದರಿನ ಪೈಲಟ್ ಹತ್ತಬೇಕು, ಎಳೆಯುವ ಟಗ್ ದೋಣಿಗಳು ಬರಬೇಕು, ಕಟ್ಟೆಗೆ ಇನ್ನೊಂದು ಹಡಗು ಬರುವುದಿರುತ್ತದೆ, ನೀರಿನ ಏರಿಳಿತವನ್ನೂ ನೋಡಬೇಕು. ಇವೆಲ್ಲ ಮೊದಲೇ ಗೊತ್ತು ಮಾಡಿದ ಹೊತ್ತಿಗೆ ನಡೆಯುವ ಕೆಲಸ. ಒಬ್ಬಿಬ್ಬರಿಗಾಗಿ ನಿಲ್ಲಿಸಲು ಬರುವುದಿಲ್ಲ. ಕಂಟ್ರೋಲರ್ ಆಗಿದ್ದವನಿಗೆ ಇದು ತಿಳಿಯುವ ಮಾತು.

ಆದರೆ ನನಗೆ ಸಮಾಧಾನ ತಂದದ್ದು ಅವನು ಹೇಳಿದ ಇನ್ನೊಂದು ಮಾತು. ಯಾರು ಉಳಿದರು ಎಂಬುದು ನಮ್ಮ ಬಸ್ಸಿಗೆ ತಿಳಿಯುತ್ತಿರಲಿಲ್ಲ. ಕಂಡಕ್ಟರ್ ಸೀಟಿ ಊದಿದರೆ ಮುಗಿಯಿತು. ಹಡಗಿನಲ್ಲಿ ಇಳಿಯುವಾಗ ಕಾರ್ಡ್ ತೋರಿಸಬೇಕು, ಹತ್ತುವಾಗಲೂ ತೋರಿಸಬೇಕು. ಯಾರು ಹೊರಗಿದ್ದಾರೆ ಎಂಬುದು ಅವರ ಕಂಪ್ಯೂಟರಿನಲ್ಲಿ ಹೆಸರು ಸಮೇತ ಇರುತ್ತದೆ. ಹೊತ್ತಾದರೆ ಹೆಸರು ಕೂಗುತ್ತಾರೆ, ಫೋನ್ ಮಾಡುತ್ತಾರೆ. ಕಡೆಗೂ ಬಾರದಿದ್ದರೆ, ಕೋಣೆಯಲ್ಲಿ ಬಿಟ್ಟ ಗುರುತಿನ ಪತ್ರಗಳನ್ನು ತೆಗೆದು ಬಂದರಿನ ಏಜೆಂಟರ ಕೈಯಲ್ಲಿ ಕೊಟ್ಟು ಹೋಗುವ ರೂಢಿ ಹಲವು ಹಡಗುಗಳಲ್ಲಿ ಇದೆಯಂತೆ. ನೀನು ಯಾರಿಗೂ ಗೊತ್ತಿಲ್ಲದಂತೆ ಕಳೆದುಹೋಗುವುದಿಲ್ಲ, ಮಗಳೇ. ನಿನ್ನ ಅಂಜಿಕೆಯ ಬೇರು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹಡಗು ಹೋಗುವುದಕ್ಕಿಂತ, ಹೋಗುವಾಗ ಅದು ನಿಮ್ಮಿಬ್ಬರನ್ನು ನೆನೆಯುವುದೂ ಇಲ್ಲ ಎಂಬುದು ನಿನ್ನನ್ನು ಹೆಚ್ಚು ಹೆದರಿಸಿದೆ.

ಹಾಗೂ ಹೋಯಿತು ಎಂದೇ ಇಟ್ಟುಕೊಳ್ಳೋಣ. ನೀವು ನಿಂತಿರುವುದು ನಡುಗಡ್ಡೆಯ ಕಾಡಿನಲ್ಲಲ್ಲ. ಎರ್ನಾಕುಲಂನಿಂದ ಪುಣೆಗೆ ಹೋಗುವ ಪೂರ್ಣಾ ಎಕ್ಸ್‌ಪ್ರೆಸ್ ನಿನ್ನ ಬೆಳಗಾವಿಯ ಮೇಲೆಯೇ ಹಾದುಹೋಗುತ್ತದೆ. ಅದು ಎಲ್ಲ ದಿನ ಇಲ್ಲ, ಆದರೆ ಮಂಗಳೂರಿಗೆ ದಿನವೂ ಗಾಡಿಗಳಿವೆ. ಮಂಗಳೂರು ಮುಟ್ಟಿದರೆ ನಮ್ಮ ಬಸ್ಸುಗಳಿವೆ. ಪೆಟ್ಟಿಗೆಗಳು ಹಡಗಿನಲ್ಲಿ ಉಳಿದರೆ ಉಳಿಯಲಿ. ಮೊಬೈಲ್, ಸ್ವಲ್ಪ ದುಡ್ಡು, ಇಬ್ಬರ ಆಧಾರ್ ಕಾರ್ಡ್, ವೈನಿಯ ಸಕ್ಕರೆ ಕಾಯಿಲೆಯ ಮಾತ್ರೆ, ಇಷ್ಟು ಮಾತ್ರ ನಿನ್ನ ಹೆಗಲ ಚೀಲದಲ್ಲೇ ಇರಲಿ. ಏಜೆಂಟರ ಫೋನ್ ನಂಬರನ್ನು ಹಡಗಿನವರು ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಹಾಕಿರುತ್ತಾರಂತೆ. ಅದನ್ನು ಒಂದು ಚೀಟಿಯಲ್ಲಿ ಬರೆದು ವೈನಿಯ ಚೀಲದಲ್ಲೂ ಹಾಕು. ಕೇಳುವಾಗ ಕೆಟ್ಟದ್ದನ್ನು ಮೊದಲೇ ಹೇಳಿದಂತಾಯಿತು, ಕ್ಷಮಿಸು. ನನ್ನ ಸ್ವಭಾವವೇ ಹಾಗೆ; ಕೊನೆಯ ಬಸ್ ಯಾವುದು ಎಂದು ಗೊತ್ತಾಗದೆ ನಾನು ಮೊದಲ ಬಸ್ ಹತ್ತಿದವನಲ್ಲ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಬರೆಯುತ್ತೇನೆ. ವೈನಿಗೆ ಓದಿ ಹೇಳಬೇಕೋ ಬೇಡವೋ ನೀನೇ ನೋಡು.

ನಾನು ಕಂಡಕ್ಟರ್ ಆಗಿದ್ದಾಗ ಶಬರಿಮಲೆಗೆ ಕರಾರಿನ ಮೇಲೆ ಹೋದ ಬಸ್ಸಿಗೆ ನನ್ನನ್ನು ಹಾಕಿದ್ದರು. ಅಣ್ಣ, ನಿನ್ನ ಅಪ್ಪ, ಅದೇ ಬಸ್ಸಿನಲ್ಲಿ ಮಾಲೆ ಹಾಕಿ ಬಂದಿದ್ದ. ದರ್ಶನ ಮುಗಿಸಿ ಬರುವಾಗ ಡ್ರೈವರ್ ನಿದ್ದೆ ಮಾಡಬೇಕು ಎಂದು ಎರ್ನಾಕುಲಂನಲ್ಲಿ ಅರ್ಧ ದಿನ ನಿಲ್ಲಿಸಿದ್ದೆವು. ಅಣ್ಣನೂ ನಾನೂ ನಡೆಯುತ್ತ ದೋಣಿ ಕಟ್ಟೆಗೆ ಹೋದೆವು. ಆಚೆ ದಡ ಫೋರ್ಟ್ ಕೊಚ್ಚಿ. ‘ಅಲ್ಲಿ ಚೀನಾ ಬಲೆಗಳಿವೆಯಂತೆ, ಹೋಗಿ ಬರೋಣ ಬಾ’ ಎಂದ. ದೋಣಿ ತಡವಾದರೆ ಬಸ್ಸಿನ ತುಂಬ ಜನ ಕಾಯಬೇಕಾಗುತ್ತದೆ, ಬೇಡ ಎಂದೆ. ಅಣ್ಣ ಎರಡನೆಯ ಮಾತು ಆಡಲಿಲ್ಲ. ಕಟ್ಟೆಯ ಬೆಂಚಿನ ಮೇಲೆ ಕುಳಿತೆವು. ನಾವು ಕುಳಿತಿದ್ದಷ್ಟು ಹೊತ್ತಿನಲ್ಲಿ ಹೋದ ದೋಣಿಗಳು ತಿರುಗಿ ಬಂದವು, ಮತ್ತೆ ಹೋದವು, ಮತ್ತೆ ಬಂದವು. ಡ್ರೈವರ್ ಎದ್ದದ್ದು ಹೊತ್ತು ಮುಳುಗಿದ ಮೇಲೆ.

ನೀನು ಸಣ್ಣವಳಿದ್ದಾಗ ಮಲಗುವ ಹೊತ್ತಿಗೆ ಅಣ್ಣ ನಿನಗೆ ಚೀನಾ ಬಲೆಯ ಕಥೆ ಹೇಳುತ್ತಿದ್ದನಲ್ಲ, ನೀರಿನೊಳಗಿಂದ ಮನೆಯಷ್ಟು ದೊಡ್ಡ ಬಲೆ ಮೇಲೆದ್ದು ಬರುತ್ತದೆ ಎಂದು? ಅದನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಕಟ್ಟೆಯ ಮೇಲೆ ಕಡಲೆಕಾಯಿ ಮಾರುವವನು ಅರ್ಧ ತಮಿಳು, ಅರ್ಧ ಹಿಂದಿಯಲ್ಲಿ ಹೇಳಿದ್ದನ್ನು ಕೇಳಿಕೊಂಡು ಬಂದಿದ್ದ. ನಾನು ಬಾಗಿಲಲ್ಲಿ ನಿಂತು ಆ ಕಥೆ ಕೇಳುತ್ತಿದ್ದೆ, ಏನೂ ಹೇಳುತ್ತಿರಲಿಲ್ಲ. ಅಣ್ಣನ ಬಳಿ ಆ ಮಾತನ್ನು ತೆಗೆಯಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಈಗ ತೆಗೆಯಲು ಅವನಿಲ್ಲ.

ನಿವೃತ್ತಿಯಾದ ಮೇಲೆ ನಾನೂ ಕಾಕುವೂ ಕೊಚ್ಚಿಗೆ ಹೋದೆವು. ಆ ಬಲೆಯ ಮುಂದೆ ನಿಂತೆ. ದಡದಲ್ಲಿ ಉದ್ದುದ್ದ ಮರದ ತೊಲೆಗಳನ್ನು ಹೂಡಿ, ಅವುಗಳ ತುದಿಗೆ ಬಲೆ ಕಟ್ಟಿದ್ದಾರೆ. ಈಚೆ ತುದಿಗೆ ಹಗ್ಗದಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ತಕ್ಕಡಿಯ ಗುಂಡುಗಳಂತೆ ಇಳಿಬಿಟ್ಟಿದ್ದಾರೆ. ನಾಲ್ಕಾರು ಜನ ಹಗ್ಗ ಹಿಡಿದು ಜಗ್ಗಿದರೆ ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಕೂರುತ್ತವೆ, ಬಲೆ ನೀರು ಸುರಿಸುತ್ತ ಮೇಲೇಳುತ್ತದೆ. ನಡುವೆ ಒಂದು ಹಿಡಿಯಷ್ಟು ಮೀನು. ಅಷ್ಟರಲ್ಲಿ ಕಾಗೆಗಳು ಬಂದಿರುತ್ತವೆ. ಮತ್ತೆ ಇಳಿಸುತ್ತಾರೆ. ಇಷ್ಟನ್ನೂ ನೋಡಲು ಅರ್ಧ ತಾಸು ಸಾಕಾಯಿತು. ಆ ಅರ್ಧ ತಾಸು ಅಂದು ನಮ್ಮ ಕೈಯಲ್ಲೇ ಇತ್ತು. ಅದಕ್ಕೇ ‘ಹಡಗಿನಲ್ಲೇ ಕುಳಿತಿರುವುದು ಲೇಸು’ ಎಂಬ ನಿನ್ನ ಮಾತು ನನ್ನನ್ನು ಇಷ್ಟು ಕಲಕಿತು.

ಇಳಿ, ಮಗಳೇ. ವೈನಿಯನ್ನೂ ಇಳಿಸು.

ಬೆಳಿಗ್ಗೆ ಎಂಟಕ್ಕೆ ಮುಟ್ಟಿ ಸಂಜೆ ಐದಕ್ಕೆ ಹೊರಡುತ್ತದೆ ಎಂದು ಬರೆದಿದ್ದೀಯ. ಐದನ್ನು ಮರೆತುಬಿಡು. ಎಲ್ಲರೂ ಒಳಗಿರಬೇಕಾದ ಹೊತ್ತು ಎಂದು ಹಾಳೆಯಲ್ಲಿ ಬೇರೆಯಾಗಿ ಬರೆದಿರುತ್ತಾರೆ. ಅದು ಹೊರಡುವುದಕ್ಕಿಂತ ಅರ್ಧ ತಾಸೋ ಒಂದು ತಾಸೋ ಮುಂಚೆ ಇರುತ್ತದೆ. ನಿನ್ನಂಥವಳಿಗೆ ಅದಕ್ಕೂ ಎರಡು ತಾಸು ಮುಂಚೆ ಮರಳಿದರೆ ನೆಮ್ಮದಿ. ಎಂಟಕ್ಕೆ ಮುಟ್ಟಿದರೂ ಸಾಲು, ತಪಾಸಣೆ ಎಂದು ಹೊರಬೀಳುವಾಗ ಒಂಬತ್ತೂವರೆಯಾದರೂ ಆಗುತ್ತದೆ. ಉಳಿಯುವುದು ಸುಮಾರು ನಾಲ್ಕೂವರೆ ತಾಸು. ಮೊಣಕಾಲು ನೋವಿನ ವೈನಿಗೆ ಅದೇ ಹೆಚ್ಚು.

ಹಡಗಿನವರೇ ಏರ್ಪಡಿಸುವ ಬಸ್ಸಿನಲ್ಲಿ ಹೋದರೆ, ಆ ಬಸ್ ತಡವಾದರೂ ಸಾಮಾನ್ಯವಾಗಿ ಹಡಗು ಕಾಯುತ್ತದೆಯಂತೆ. ದುಡ್ಡು ಹೆಚ್ಚು. ಅಂಜಿಕೆ ಹೋಗದಿದ್ದರೆ ಅದನ್ನೇ ತೆಗೆದುಕೋ, ನಾನು ಬೇಡ ಎನ್ನುವುದಿಲ್ಲ. ಆದರೆ ಅವರು ಐದಾರು ಕಡೆ ಇಳಿಸಿ ಹತ್ತಿಸುತ್ತಾರೆ. ವೈನಿಯ ಕಾಲಿಗೆ ಆ ಮೆಟ್ಟಿಲುಗಳು ಆಗುವುದಿಲ್ಲ. ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. 1920ರಲ್ಲಿ ಕೊಚ್ಚಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಬಂದರಿನ ಕಾಲುವೆ ಆಳ ಮಾಡಿಸಿದಾಗ ತೆಗೆದ ಹೂಳನ್ನು ಸುರಿದು ಮಾಡಿದ ನೆಲ ಅದು. ಅಲ್ಲಿಂದ ಫೋರ್ಟ್ ಕೊಚ್ಚಿಗೆ ಸೇತುವೆಯ ಮೇಲೆ ಟ್ಯಾಕ್ಸಿ ಹೋಗುತ್ತದೆ, ದೂರವೇನಿಲ್ಲ. ಹೋಗಿ ಬರಲು ಒಂದೇ ಟ್ಯಾಕ್ಸಿ ಮಾಡಿಕೋ, ಮರಳಬೇಕಾದ ಹೊತ್ತನ್ನು ಹತ್ತುವ ಮೊದಲೇ ಚಾಲಕನಿಗೆ ಹೇಳು, ಬಾಡಿಗೆಯನ್ನು ಮರಳಿದ ಮೇಲೆಯೇ ಕೊಡು.

ನೀನು ಪಟ್ಟಿ ಮಾಡಿದ ಜಾಗಗಳಲ್ಲಿ ಅರ್ಧವನ್ನು ಹೊಡೆದುಹಾಕಬಹುದು. ನೀವು ಮುಟ್ಟುವುದು ಶುಕ್ರವಾರ. ಅಂದು ಮಟ್ಟಂಚೇರಿಯ ಅರಮನೆಗೆ ರಜೆ, 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಎಂಬ ಯೆಹೂದಿಗಳ ಮಂದಿರ ಕೂಡ ಶುಕ್ರವಾರ ಮತ್ತು ಶನಿವಾರ ತೆರೆಯುವುದಿಲ್ಲ. ನನಗೇನೋ ಇದು ಒಳ್ಳೆಯದೇ ಅನ್ನಿಸಿತು. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಲು ಬಂದವರು ಸಂಜೆ ನನ್ನ ಕಿಟಕಿಯ ಮುಂದೆ ನಿಂತು, ಯಾವ ಶಿಲ್ಪ ಯಾವ ಊರಿನದು ಎಂದು ತಮ್ಮತಮ್ಮಲ್ಲೇ ವಾದಿಸುತ್ತಿದ್ದರು. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯೊಂದರಲ್ಲೇ ಮಧ್ಯಾಹ್ನ ಕಳೆದವರ ಮುಖವೇ ಬೇರೆ ಇರುತ್ತಿತ್ತು. ನೀವು ಬಲೆಗಳನ್ನು ನೋಡಿ. ಅಲ್ಲಿಂದ ಹತ್ತಿರದಲ್ಲೇ ಸಂತ ಫ್ರಾನ್ಸಿಸರ ಚರ್ಚ್ ಇದೆ. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಅಲ್ಲಿ ಹೂಳಿದ್ದರು. ಆಮೇಲೆ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು, ಕಲ್ಲು ಮಾತ್ರ ಉಳಿದಿದೆ. ಒಳಗೆ ಬೆಂಚುಗಳಿವೆ. ಸೂರಿನಿಂದ ಇಳಿಬಿಟ್ಟ ಹಳೆಯ ಕಾಲದ ಬಟ್ಟೆಯ ಬೀಸಣಿಗೆಗಳಿವೆ, ಹೊರಗಿನಿಂದ ಹಗ್ಗ ಜಗ್ಗುತ್ತಿದ್ದಂಥವು. ವೈನಿ ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕುಳಿತಿರಬಹುದು. ಇಷ್ಟು ಸಾಕು ಎಂದು ನನ್ನ ಅಭಿಪ್ರಾಯ. ನಿನಗೆ ಹೆಚ್ಚು ಬೇಕೆನಿಸಿದರೆ ಮಟ್ಟಂಚೇರಿಯ ಮೆಣಸು, ಶುಂಠಿಯ ಅಂಗಡಿಗಳ ಬೀದಿಯಲ್ಲಿ ಟ್ಯಾಕ್ಸಿಯಿಂದ ಇಳಿಯದೆ ಒಂದು ಸುತ್ತು ಹಾಕಿ ಬಾ.

ಅಲ್ಲಿಯ ಬಿಸಿಲಿಗೆ ನಮ್ಮ ಲೆಕ್ಕ ಹಚ್ಚಬೇಡ. ನಮ್ಮಲ್ಲಿ ಬೆವರು ಹುಟ್ಟಿದಲ್ಲೇ ಆರುತ್ತದೆ, ಅಲ್ಲಿ ಆರುವುದಿಲ್ಲ. ಕಾಕುವಿಗೆ ಅಲ್ಲಿ ತಲೆಸುತ್ತು ಬಂದಿತ್ತು. ವೈನಿಗೆ ಆಗಾಗ ನೀರು ಕುಡಿಸುತ್ತಿರು. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತೇನೆ ಎಂದು ಕಾಕು ಹಟ ಹಿಡಿದಿದ್ದಾಳೆ. ಹೊರಗಿನ ತಿನಿಸನ್ನು ಹಡಗಿನೊಳಗೆ ಬಿಡುತ್ತಾರೋ ಇಲ್ಲವೋ ಮೊದಲೇ ಕೇಳಿ ತಿಳಿಸು, ಇಲ್ಲದಿದ್ದರೆ ಅವಳಿಗೆ ಬೇಸರವಾಗುತ್ತದೆ.

ಹೇಳಲು ಮರೆತಿದ್ದೆ. ಇಷ್ಟೆಲ್ಲ ಓದಿದ ಮೇಲೂ ನಿನಗೆ ಇಳಿಯಲು ಧೈರ್ಯವಾಗದಿದ್ದರೆ, ಹಡಗು ಬಂದರಿನ ಬಾಯಿಯೊಳಗೆ ಬರುವ ಮೊದಲೇ ವೈನಿಯನ್ನು ಎಬ್ಬಿಸಿ ಮೇಲಿನ ಅಟ್ಟಕ್ಕೆ ಕರೆದುಕೊಂಡು ಹೋಗು. ಬರುವಾಗ ಬಲಗಡೆಗೆ ಫೋರ್ಟ್ ಕೊಚ್ಚಿ, ಎಡಗಡೆಗೆ ವೈಪಿನ್. ನಡುವಿನ ದಾರಿಯಲ್ಲೇ ಹಡಗು ಒಳಗೆ ಬರುತ್ತದೆ. ಬಲೆಗಳು ಅಲ್ಲಿಂದ ಕಾಣುತ್ತವೆ. ಅಷ್ಟಾದರೂ ಆಗಲಿ. ಆದರೆ ನಾನು ಬಯಸುವುದು ನೀವು ಇಳಿದು, ಆ ಹಗ್ಗಕ್ಕೆ ಕೈ ಮುಟ್ಟಿಸುವಷ್ಟು ಹತ್ತಿರ ಹೋಗಬೇಕು ಎಂದು.

ಹಿಂದಿನ ರಾತ್ರಿ ಆ ಹಾಳೆಯನ್ನು ಕೋಣೆಗೆ ತಂದುಕೊಡುತ್ತಾರಂತೆ. ಕೊಟ್ಟ ಕೂಡಲೇ ಅದರ ಫೋಟೋ ತೆಗೆದಿಡು. ಸಿಗ್ನಲ್ ಸಿಕ್ಕ ಕೂಡಲೇ ನನಗೆ ಕಳಿಸು. ಹೊತ್ತುಗಳನ್ನು ನೋಡಿ, ಎಲ್ಲಿಂದ ಎಷ್ಟಕ್ಕೆ ಏಳಬೇಕು ಎಂದು ನಾನು ಬರೆದು ಕಳಿಸುತ್ತೇನೆ. ಅಂದು ಮಧ್ಯಾಹ್ನ ಎರಡಕ್ಕೆ ನಾನೇ ಫೋನ್ ಮಾಡುತ್ತೇನೆ, ಎತ್ತು.

ನಿನ್ನ
ಕಾಕಾ