ಗರ್ಭಿಣಿಯ ಮಧುಮೇಹ: ಹೆರಿಗೆಯ ನಂತರ ಮಗುವಿನ ಮೇಲೂ ನಿಗಾ ಇರಲಿ

ಮಾನ್ಯ ಸಂಪಾದಕರೇ,

ಗರ್ಭಿಣಿಯರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸುವುದು, ಸಕ್ಕರೆ ಅಂಶ 140 ಮಿ.ಗ್ರಾಂ ಮುಟ್ಟಿದ್ದರೆ ಚಿಕಿತ್ಸೆ ಆರಂಭಿಸುವುದು, ಮೊದಲ ಭೇಟಿಯಲ್ಲಿ ಸರಿಯಿದ್ದರೂ 24ರಿಂದ 28ನೇ ವಾರದ ನಡುವೆ ಮತ್ತೊಮ್ಮೆ ನೋಡುವುದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಲ್ಲೇ ಇದೆ. ಆದರೆ ಹೆರಿಗೆ ಸುಸೂತ್ರವಾಗಿ ಆಯಿತೆಂದರೆ ಆ ಕಾಯಿಲೆಯ ಚಿಂತೆ ಮುಗಿಯಿತೆಂದೇ ಮನೆಯವರು ಭಾವಿಸುತ್ತಾರೆ. ಮಗುವಿನ ಪಾಲಿಗೆ ಆತಂಕದ ಗಂಟೆಗಳು ಶುರುವಾಗುವುದೇ ಆಗ.

ತಾಯಿಯ ರಕ್ತದಲ್ಲಿರುವ ಗ್ಲೂಕೋಸ್ ಮಾಸುವನ್ನು ದಾಟಿ ಭ್ರೂಣವನ್ನು ಸೇರುತ್ತದೆ, ಆಕೆಯ ಇನ್ಸುಲಿನ್ ಸೇರುವುದಿಲ್ಲ. ಹೀಗಾಗಿ ಬಂದ ಸಕ್ಕರೆಯನ್ನು ನಿಭಾಯಿಸಲು ಕೂಸಿನ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಅದು ಬೆಳವಣಿಗೆಗೂ ಇಂಬು ಕೊಡುವುದರಿಂದ ಮಗು ಕೊಬ್ಬು ತುಂಬಿಕೊಳ್ಳುತ್ತದೆ. ನಾಲ್ಕು ಕಿಲೋ ತೂಗುವ ಗುಂಡು ಮಗುವಿಗೆ ದೃಷ್ಟಿ ತೆಗೆದು ಸಂಭ್ರಮಿಸುವ ನಾವು, ಆ ತೂಕದ ಹಿಂದೆ ತಾಯಿಯ ಸಕ್ಕರೆ ಇರಬಹುದೆಂದು ಯೋಚಿಸುವುದು ಕಡಿಮೆ. ಇಂಥ ಮಗುವಿನ ಭುಜ ಹೆರಿಗೆಯಲ್ಲಿ ಸಿಲುಕಿ ತೋಳಿನ ನರಕ್ಕೆ ಪೆಟ್ಟಾಗಬಹುದು. ಉಸಿರಾಟದ ತೊಂದರೆ, ಕಾಮಾಲೆಯೂ ಕಾಡಬಹುದು.

ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣಕ್ಕೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ, ಶಿಶುವಿನ ಮೈಯಲ್ಲಿ ಇನ್ಸುಲಿನ್ ಮಾತ್ರ ಹೆಚ್ಚಾಗಿಯೇ ಉಳಿದಿರುತ್ತದೆ. ಆಗ ರಕ್ತದ ಸಕ್ಕರೆ ಕುಸಿದು ಮಗು ಅದುರಬಹುದು, ಮಂಕಾಗಬಹುದು, ಹಾಲು ಬಿಡಬಹುದು, ಫಿಟ್ಸ್ ಕೂಡ ಬರಬಹುದು. ಯಾವ ಲಕ್ಷಣವನ್ನೂ ತೋರದೆ ಕುಸಿಯುವುದೂ ಉಂಟು. ಆದ್ದರಿಂದ ನೋಡಲು ಚೆನ್ನಾಗಿಯೇ ಇರುವ ಮಗುವಿನ ಹಿಮ್ಮಡಿಯನ್ನು ಚುಚ್ಚಿ ಮೊದಲ ಗಂಟೆಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಲೇಬೇಕು. ಅದನ್ನು ಕಂಡು ಮರುಗುವ ಅಜ್ಜಿಯಂದಿರಿಗೆ ಕಾರಣ ವಿವರಿಸುವುದೂ ಆಸ್ಪತ್ರೆಯ ಕೆಲಸವೇ. ಒಂದು ಗಂಟೆಯೊಳಗೆ ಎದೆಹಾಲು ಕೊಡುವುದು ಎಲ್ಲ ಶಿಶುಗಳಿಗೂ ಒಳ್ಳೆಯದು, ಈ ಶಿಶುಗಳಿಗಂತೂ ಅದು ಚಿಕಿತ್ಸೆಯ ಭಾಗ. ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಜೇನುತುಪ್ಪ ನೆಕ್ಕಿಸುವ ಪದ್ಧತಿ ಇಲ್ಲಿ ದುಪ್ಪಟ್ಟು ಹಾನಿಕರ.

ಇದರ ಪರಿಣಾಮ ತೊಟ್ಟಿಲಿಗೇ ಮುಗಿಯುವುದಿಲ್ಲವೆಂಬುದಕ್ಕೆ ನಮ್ಮ ಮೈಸೂರಿನದೇ ಸಾಕ್ಷಿಯಿದೆ. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ, ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳು ಹುಟ್ಟುವಾಗಲೇ ಹೆಚ್ಚು ಕೊಬ್ಬು ಹೊಂದಿದ್ದರು; ಐದನೇ ವಯಸ್ಸಿನಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬು ಮತ್ತು ಇನ್ಸುಲಿನ್ ಮಟ್ಟ ಹೆಚ್ಚಾಗಿದ್ದುದು ಕಂಡುಬಂತು.

ಹೆರಿಗೆಯ ಆರು ವಾರಗಳ ನಂತರ ತಾಯಿಯನ್ನು ಮತ್ತೆ ಪರೀಕ್ಷಿಸಬೇಕೆಂಬ ನಿಯಮ ತಪ್ಪಿಹೋಗಲು ದೊಡ್ಡ ಕಾರಣ, ಆ ಹೊತ್ತಿಗೆ ಆಕೆ ಬಾಣಂತನಕ್ಕೆಂದು ತವರಿನಲ್ಲಿರುವುದು. ಅಲ್ಲಿನ ಆಶಾ ಕಾರ್ಯಕರ್ತೆಗೆ ಈಕೆಯ ಹಿಂದಿನ ವಿವರ ತಿಳಿದಿರುವುದಿಲ್ಲ. ಆದರೆ ಮಗುವಿಗೆ ಆರನೇ ವಾರದ ಲಸಿಕೆ ಹಾಕಿಸಲು ಆಕೆ ಯಾವುದಾದರೂ ಆರೋಗ್ಯ ಕೇಂದ್ರಕ್ಕೆ ಬಂದೇ ಬರುತ್ತಾಳೆ. ಆ ದಿನವೇ ತಾಯಿಯ ರಕ್ತಪರೀಕ್ಷೆಯನ್ನೂ ಮಾಡುವಂತೆ, ಮಧುಮೇಹವಿದ್ದ ವಿಷಯವನ್ನು ತಾಯಿ ಕಾರ್ಡಿನ ಮಗುವಿನ ಪುಟದಲ್ಲೂ ಎದ್ದುಕಾಣುವಂತೆ ಬರೆಯುವಂತೆ ಆರೋಗ್ಯ ಇಲಾಖೆ ಆದೇಶಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಶುಶ್ರೂಷಕಿ, ಮೈಸೂರು