ಬೋಳು ಗುಡ್ಡ ಅನ್ನಬೇಡ ಮಾರಾಯ

ಪ್ರಿಯ ಮಂಜು,

ಸೆಪ್ಟೆಂಬರಿನಲ್ಲಿ ಆಫೀಸಿನವರನ್ನೆಲ್ಲ ಕಟ್ಟಿಕೊಂಡು ಕುದುರೆಮುಖ ಹತ್ತುತ್ತೇನೆ ಅಂತ ಬರೆದಿದ್ದೀಯ. ಧಾರಾಳವಾಗಿ ಹತ್ತು. ಆದರೆ "ಕಾಡು ಕಮ್ಮಿ, ಬರೀ ಬೋಳು ಗುಡ್ಡವಂತೆ" ಅಂದಿದ್ದೀಯಲ್ಲ, ಆ ಮಾತನ್ನು ಮಾತ್ರ ಹೊಡೆದುಹಾಕು.

ಬೆಟ್ಟದ ಮಡಿಲುಗಳಲ್ಲಿ, ಮಣ್ಣು ಆಳವಾಗಿ ನೀರು ಜಿನುಗುವ ಕಡೆ ಶೋಲಾ ಕಾಡು, ಅಂದರೆ ಗಿಡ್ಡ ಮರಗಳು ಒತ್ತಾಗಿ ಬೆಳೆದ ನಿತ್ಯಹಸಿರು ಕಾಡು, ಇರುತ್ತದೆ. ಗಾಳಿ ಬಡಿಯುವ, ಮಣ್ಣು ತೆಳುವಾದ ಏರುಗಳಲ್ಲಿ ಹುಲ್ಲು. ಮರ ಕಡಿದು ಆದ ಹುಲ್ಲುಗಾವಲಲ್ಲ ಇದು, ಮೊದಲಿಂದ ಇರುವುದೇ ಹಾಗೆ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆಯ ಹೊಡೆತವನ್ನು ತಡೆದುಕೊಳ್ಳುವುದು ಈ ಹುಲ್ಲಿನ ಬೇರು. ನೀರು ಅದರೊಳಗೆ ಇಂಗಿ, ಮೆಲ್ಲಗೆ ಶೋಲಾಕ್ಕೆ ಇಳಿದು, ಮಳೆ ನಿಂತು ತಿಂಗಳುಗಳಾದರೂ ಹಳ್ಳ ಬತ್ತದ ಹಾಗೆ ನೋಡಿಕೊಳ್ಳುತ್ತದೆ. ತುಂಗೆ, ಭದ್ರೆ ಇಲ್ಲಿನ ಗಂಗಾಮೂಲದಲ್ಲಿ ಹುಟ್ಟುತ್ತವೆ. ನೇತ್ರಾವತಿಯೂ ಇದೇ ಬೆಟ್ಟಸಾಲಿನ ಕೂಸು.

ಇದನ್ನು ಖಾಲಿ ಜಾಗ ಅಂದುಕೊಂಡವರಲ್ಲಿ ನೀನೇನೂ ಮೊದಲಿಗನಲ್ಲ. ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಇಲ್ಲಿ ಕಬ್ಬಿಣದ ಅದಿರು ಗುರುತಿಸಿದ್ದರು. 1976ರಲ್ಲಿ ಗಣಿ ಕಂಪನಿ ಹುಟ್ಟಿತು. ಅದಿರು ಕೊಳ್ಳಬೇಕಿದ್ದ ಇರಾನ್, ಅಲ್ಲಿ ಕ್ರಾಂತಿಯಾದ ಮೇಲೆ ಹಿಂದೆ ಸರಿಯಿತು. ಗಣಿ ಮಾತ್ರ ನಿಲ್ಲಲಿಲ್ಲ. ಅದಿರನ್ನು ನುಣ್ಣಗೆ ಅರೆದು, ನೀರಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿತು. ಸಿಂಗಳೀಕ ಎಂಬ ಕೋತಿಗಳ ಮೇಲೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿದ ಸಮೀಕ್ಷೆಯ ಬಲದಿಂದ 1987ರಲ್ಲಿ ಸುಮಾರು 600 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನವಾಯಿತು. ಗಣಿ ನಿಲ್ಲಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು, ನಿಂತದ್ದು 2005ರ ಕೊನೆಗೆ.

ಗಣಿ ಹೋದ ಮೇಲೆ ಈಗ ಬೂಟಿನ ಕಾಟ. ಹುಲ್ಲಿನ ನಡುವಿನ ಕಾಲುದಾರಿ ಮಳೆಗಾಲದಲ್ಲಿ ಕೆಸರಾಗುತ್ತದೆ. ಕೆಸರು ತುಳಿಯಲು ಮನಸ್ಸಿಲ್ಲದೆ ಚಾರಣಿಗರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ತಿರುವುಗಳಲ್ಲಿ ಅಡ್ಡದಾರಿ ಹಿಡಿದು ನೆಟ್ಟಗೆ ಇಳಿಯುತ್ತಾರೆ. ಹತ್ತು ಜನ ತುಳಿದರೆ ಹುಲ್ಲು ಮಲಗುತ್ತದೆ, ಮತ್ತೆ ಮತ್ತೆ ತುಳಿದರೆ ಬುಡ ಕಿತ್ತು ಬರುತ್ತದೆ. ಬುಡ ಹೋದ ಜಾಗದಲ್ಲಿ ನೀರು ನೇರ ಇಳಿಯುತ್ತದಲ್ಲ, ಒಂದು ಮಳೆಗಾಲದಲ್ಲಿ ಗೇಣಗಲದ ಗೆರೆ, ಮುಂದೆ ಮೊಣಕಾಲುದ್ದದ ಕೊರಕಲು. ಆಮೇಲೆ ಅಲ್ಲಿ ಹುಲ್ಲು ಹತ್ತುವುದೇ ಇಲ್ಲ, ಮಣ್ಣು ಕೂರಬೇಕಲ್ಲ! ಹಾಗಾಗಿ ಬೂಟು ಹಾಳಾದರೂ ಸರಿ, ಕೆಸರಲ್ಲೇ ಒಬ್ಬರ ಹಿಂದೊಬ್ಬರು ನಡೆಯಿರಿ.

ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸು. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿಯಿದೆ, ಶನಿವಾರ ಭಾನುವಾರದ್ದು ಬೇಗ ಮುಗಿಯುತ್ತದೆ. ಗುರುತಿನ ಚೀಟಿಯಲ್ಲಿರುವ ಹೆಸರನ್ನೇ ತುಂಬು. ಕೊನೆಗಳಿಗೆಯಲ್ಲಿ ಒಬ್ಬನ ಬದಲು ಇನ್ನೊಬ್ಬನನ್ನು ತಂದರೆ ಅವನು ಜೀಪಲ್ಲೇ ಕೂರಬೇಕು. ಟಿಕೆಟ್ಟನ್ನು ಕಾಗದದಲ್ಲಿ ಅಚ್ಚು ಹಾಕಿಸಿಕೋ, ಅಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಸಂಸೆ ಕಡೆಯಿಂದ, ನಡಿಗೆ ಶುರುವಾಗುವ ಮುಳ್ಳೋಡಿಗೆ ಜೀಪಿನ ದಾರಿ, ನಿಮ್ಮ ಕಾರು ಹತ್ತುವುದಿಲ್ಲ. ಹಿಂದಿನ ರಾತ್ರಿಯೇ ಬಂದು ಅಲ್ಲೇ ಮನೆಯೊಂದರಲ್ಲಿ ಉಳಿದರೆ ಬೆಳಗಿನ ಹೊತ್ತು ಉಳಿಯುತ್ತದೆ. ಮೇಲೆ ಟೆಂಟು ಹಾಕಲು ಬಿಡುವುದಿಲ್ಲ.

ಹೋಗಿಬರಲು ಹತ್ತಿರ ಹತ್ತಿರ 20 ಕಿ.ಮೀ. ದಾರಿಯ ಗುರುತಾದ ಒಂಟಿಮರದವರೆಗೆ ಎಲ್ಲರೂ ಹುರುಪಿನಲ್ಲೇ ಇರುತ್ತಾರೆ, ನಿಜವಾದ ಏರು ಶುರುವಾಗುವುದು ಆಮೇಲೆ. ಏಳು ಗಂಟೆಗೆ ಹೊರಟರೆ ಆರಾಮ, ಹತ್ತಕ್ಕೆ ಹೊರಟರೆ ಇಳಿಯುವಾಗ ಕತ್ತಲಾಗುತ್ತದೆ. ಸೆಪ್ಟೆಂಬರಿನಲ್ಲಿ ಮಂಜು ಕವಿದರೆ ಮುಂದಿನವನ ಬೆನ್ನೂ ಕಾಣುವುದಿಲ್ಲ. ಅದಕ್ಕೇ ಗೈಡನ್ನು ಮುಂದೆ ಬಿಟ್ಟು, ನಿಮ್ಮಲ್ಲಿ ಗಟ್ಟಿಗನೊಬ್ಬನನ್ನು ಕೊನೆಯಲ್ಲಿ ನಡೆಸು. ಜೀನ್ಸ್ ಬೇಡವೇ ಬೇಡ, ನೆನೆದರೆ ಒಣಗದೆ ತೊಡೆ ಉಜ್ಜುತ್ತದೆ. ಆ ಗಾಳಿಗೆ ಕೊಡೆಯೂ ನಿಲ್ಲದು. ತಲಾ ಎರಡು ಲೀಟರ್ ನೀರು ಇರಲಿ.

ಉಂಬಳದ (ಜಿಗಣೆಯ) ವಿಷಯ. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸು. ಶೋಲಾದೊಳಗೆ ನಿಲ್ಲಬೇಡಿ, ದಣಿವಾದರೆ ಬಯಲಿಗೆ ಬಂದು ನಿಲ್ಲಿ. ಹತ್ತಿದ್ದನ್ನು ಹಿಡಿದು ಎಳೆಯದೆ, ಉಗುರನ್ನು ಚರ್ಮಕ್ಕೆ ಒತ್ತಿ, ಅದರ ಬಾಯಿಯ ಕೆಳಗೆ ಜಾರಿಸು; ಬಿಟ್ಟುಬಿಡುತ್ತದೆ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಸೋರುತ್ತಲೇ ಇರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು.

ವಾಪಸ್ಸು ಕಾರ್ಕಳದ ಕಡೆ ಇಳಿಯುವುದಾದರೆ ರಸ್ತೆ ಉದ್ಯಾನದೊಳಗೇ ಹಾಯುತ್ತದೆ. ಹನುಮಾನಗುಂಡಿ ಜಲಪಾತ ನೋಡಿಕೊಳ್ಳಿ, ಕಂಡಕಂಡಲ್ಲಿ ಗಾಡಿ ನಿಲ್ಲಿಸಬೇಡಿ. ಸಿಂಗಳೀಕ ಮರದ ನೆತ್ತಿಯಲ್ಲೇ ಓಡಾಡುವ ಪ್ರಾಣಿ, ರಸ್ತೆಗಾಗಿ ಕೊಂಬೆ ಕಡಿದ ಕಡೆ ನೆಲಕ್ಕೆ ಇಳಿಯಬೇಕಾಗುತ್ತದೆ. ಕಪ್ಪು ಮೈ, ಮುಖದ ಸುತ್ತ ಬಿಳಿ ಕೂದಲಿನ ಕೋತಿ ಕಂಡರೆ ಅದೇ. ಅದು ದಾಟಲಿ ಬಿಡಿ, ಬಾಳೆಹಣ್ಣು ಎಸೆಯಬೇಡಿ.

ನಿನ್ನ
ಗೆಳೆಯ